ಆ್ಯಪ್ ಮುರಿದುಕೊಳ್ಳುವುದು ಎಷ್ಟು, ಕೈಗೆ ಬರುವುದು ಎಷ್ಟು?

ಡಿಸೆಂಬರ್ ರಜೆಯ ಸೀಜನ್ ಮುಗಿದು ಎಲ್ಲರೂ ಪಾಸ್‌ಬುಕ್ ಹಿಡಿದು ಕೂತಿದ್ದೀರಿ ಅಂತ ಕಾಣುತ್ತದೆ. ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಹೋಮ್‌ಸ್ಟೇ ನಡೆಸುವವರದ್ದೇ. ಗೋಕರ್ಣ, ಹೊನ್ನಾವರ, ಕಾರವಾರದಿಂದ ಬಂದಿವೆ. ಘಟ್ಟದ ಮೇಲಿನ ಶಿರಸಿಯಿಂದಲೂ ಬಂದಿವೆ. ಬುಕಿಂಗ್ ಆ್ಯಪ್‌ನವರು ಎಷ್ಟು ಮುರಿದುಕೊಳ್ಳುತ್ತಾರೆ, ಯಾಕೆ ಮುರಿದುಕೊಳ್ಳುತ್ತಾರೆ ಅನ್ನುವುದೇ ಎಲ್ಲರ ಚಿಂತೆ. ನಾನು ಕುಮಟಾದಲ್ಲಿ ಕೂತು ನಾಲ್ಕಾರು ತಾಲೂಕಿನ ಹೋಮ್‌ಸ್ಟೇಗಳ ಲೆಕ್ಕ ಬರೆಯುವವಳು. ನಮ್ಮ ಮಹಡಿಯ ರೂಮೂ ಆ್ಯಪ್‌ನಲ್ಲಿದೆ. ಹಾಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ ಇರಲಿ. ಪತ್ರ ಬರೆದವರ ಹೆಸರು ಹಾಕಿಲ್ಲ. ದೂರು ಹೇಳಿದ ಕಡೆ ಕಂಪನಿಯ ಹೆಸರನ್ನೂ ತೆಗೆದಿದ್ದೇನೆ.

ಪ್ರಶ್ನೆ: ಅಕ್ಕ, ನಮಸ್ಕಾರ. ಕುಡ್ಲೆ ಬೀಚಿಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆ. ಹಿಂದಿನ ಎರಡು ರೂಮು ಬಾಡಿಗೆಗೆ ಕೊಡುತ್ತೇವೆ. ಆ್ಯಪ್‌ನಲ್ಲಿ ರಾತ್ರಿಗೆ 3,000 ಅಂತ ಹಾಕಿದ್ದೇನೆ. ಬೆಂಗಳೂರಿನ ಗಂಡ ಹೆಂಡತಿ ಎರಡು ರಾತ್ರಿ ಇದ್ದು ಹೋದರು. ಹೊರಡುವಾಗ ಮಾತಿಗೆ ಮಾತು ಬಂದು, ತಾವು ಕಟ್ಟಿದ್ದು 7,298 ರೂಪಾಯಿ ಅಂದರು. ನನ್ನ ಖಾತೆಗೆ ಬಿದ್ದಿದ್ದು 5,787 ರೂಪಾಯಿ 60 ಪೈಸೆ. ನಡುವಿನ ಒಂದೂವರೆ ಸಾವಿರ ಯಾರ ಪಾಲಾಯಿತು? ಬಟ್ಟೆ ಒಗೆದವರು ನಾವು, ತಿಂಡಿ ಮಾಡಿ ಬಡಿಸಿದವರು ನಾವು. ಅವರು ಮಾಡಿದ್ದೇನು? — ಗೋಕರ್ಣದ ಓದುಗರು

ಉತ್ತರ: ತಂಗಿ, ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಿಗೆ ಮೊದಲು ಲೆಕ್ಕ ಬಿಡಿಸೋಣ. ಆ್ಯಪ್‌ನಲ್ಲಿ ಹಣ ಜಮಾ ಆದ ಸಾಲಿನ ಮೇಲೆ ಒತ್ತಿದರೆ ಆ ಬುಕಿಂಗಿನ ವಿವರ ತೆರೆದುಕೊಳ್ಳುತ್ತದೆ. ನಿಮ್ಮದರ ಫೋಟೋ ಕಳಿಸಿದ್ದೀರಲ್ಲ, ಅದನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

ಎರಡು ರಾತ್ರಿಗೆ ನಿಮ್ಮ ಬಾಡಿಗೆ 6,000. ಇದರ ಮೇಲೆ ನಿಮ್ಮಿಂದ ನೂರಕ್ಕೆ 3 ಮುರಿದಿದ್ದಾರೆ, ಅಂದರೆ 180. ಆ 180 ಅವರು ನಿಮಗೆ ಕೊಟ್ಟ ಸೇವೆಯ ಬೆಲೆ. ಸೇವೆ ಅಂದ ಮೇಲೆ ಅದಕ್ಕೆ ಶೇ. 18 ಜಿಎಸ್‌ಟಿ, 32 ರೂಪಾಯಿ 40 ಪೈಸೆ. ಎರಡೂ ಕಳೆದರೆ 5,787.60. ನಿಮ್ಮ ಖಾತೆಗೆ ಬಂದಿದ್ದು ಸರಿಯಾಗಿಯೇ ಇದೆ.

ಈಗ ಅತಿಥಿಯ ಕಡೆಗೆ ಬನ್ನಿ. ಅವರಿಂದ 6,000ದ ಮೇಲೆ ಶೇ. 14.1ರಂತೆ 846 ಸರ್ವಿಸ್ ಫೀ ತಗೊಂಡಿದ್ದಾರೆ. ಅದಕ್ಕೆ ಜಿಎಸ್‌ಟಿ 152. ರೂಮಿನ ಬಾಡಿಗೆ ಮೇಲೆ ಶೇ. 5 ಜಿಎಸ್‌ಟಿ 300. ಎಲ್ಲ ಕೂಡಿಸಿದರೆ 7,298. ಅಂದರೆ ನೀವು ಕೇಳಿದ ಒಂದೂವರೆ ಸಾವಿರದಲ್ಲಿ 1,026 ಆ್ಯಪ್‌ನವರಿಗೆ, ಸುಮಾರು 485 ಸರ್ಕಾರಕ್ಕೆ. ನಿಮ್ಮ ಬಾಡಿಗೆಗೆ ಹೋಲಿಸಿದರೆ ಆ್ಯಪ್‌ನ ಪಾಲು ನೂರಕ್ಕೆ 17ರಷ್ಟಾಯಿತು.

ಹೀಗೆ ಎರಡೂ ಕಡೆಯಿಂದ ತೆಗೆದುಕೊಳ್ಳುವುದು ಏರ್‌ಬಿಎನ್‌ಬಿಯ ಹಳೆಯ ಪದ್ಧತಿ. ಮನೆಯವರಿಂದ 3, ಅತಿಥಿಯಿಂದ ಸಾಮಾನ್ಯವಾಗಿ 14ರಿಂದ 16.5ರವರೆಗೆ. ಬುಕಿಂಗ್ ಡಾಟ್ ಕಾಮ್‌ನದ್ದು ಬೇರೆ ಪದ್ಧತಿ. ಅಲ್ಲಿ ಅತಿಥಿಗೆ ಬೇರೆ ಫೀ ಕಾಣುವುದಿಲ್ಲ, ಪೂರ್ತಿ ಕಮಿಷನ್ ಮನೆಯವರಿಂದಲೇ. ಅದು ಸಾಮಾನ್ಯವಾಗಿ ಶೇ. 15ರ ಆಸುಪಾಸು. ನೋಡಲು ಬೇರೆ ಬೇರೆ ಕಂಡರೂ ಕೊನೆಗೆ ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಲ್ಲುತ್ತವೆ.

ನಮ್ಮವರು ಬಹಳ ಮಂದಿ ‘ನನ್ನಿಂದ ಮುರಿಯುವುದು ಮೂರೇ ತಾನೇ, ಅತಿಥಿಯದ್ದು ಅವರ ಪಾಡು’ ಅಂತ ಸುಮ್ಮನಾಗುತ್ತಾರೆ. ಅದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನಲ್ಲಿ ಕೂತು ಹುಡುಕುವವರಿಗೆ ನಿಮ್ಮ ರೂಮಿನ ಬೆಲೆ 3,000 ಅಲ್ಲ, 3,649. ಪಕ್ಕದ ಲಾಡ್ಜು 3,200ಕ್ಕೆ ಕೊಟ್ಟರೆ ಅವರು ಅಲ್ಲಿಗೆ ಹೋಗುತ್ತಾರೆ. ನಿಮ್ಮದು ದುಬಾರಿ ಅಂತ ಅನಿಸಿ ಹೋಗುತ್ತಾರೆ, ಫೀಯಿಂದ ದುಬಾರಿಯಾಯಿತು ಅಂತ ಅವರು ಯೋಚಿಸುವುದಿಲ್ಲ. ಹಾಗಾಗಿ ಅತಿಥಿ ಕೊಡುವ ಫೀ ಕೂಡ ನಿಮ್ಮ ವ್ಯಾಪಾರದ ಖರ್ಚೇ. ತಿಂಗಳಿಗೊಮ್ಮೆ ಬೇರೆಯವರ ಫೋನಿನಲ್ಲಿ ನಿಮ್ಮದೇ ರೂಮನ್ನು ಹುಡುಕಿ, ಕೊನೆಯ ಪುಟದವರೆಗೆ ಹೋಗಿ ಎಷ್ಟು ತೋರಿಸುತ್ತದೆ ನೋಡಿ. ಹಣ ಕಟ್ಟುವ ಮೊದಲು ನಿಲ್ಲಿಸಿದರಾಯಿತು.

ಅವರು ಮಾಡಿದ್ದೇನು ಅಂತ ಕೇಳಿದ್ದೀರಿ. ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಗುರುತು ಪರಿಚಯ ಇಲ್ಲದ ಒಬ್ಬರನ್ನು ಕುಡ್ಲೆಯ ಓಣಿಯ ನಿಮ್ಮ ಮನೆ ಬಾಗಿಲಿಗೆ ತಂದು ನಿಲ್ಲಿಸಿದರು. ಹಣ ಮುಂಚೆಯೇ ವಸೂಲು ಮಾಡಿಕೊಂಡರು, ಅತಿಥಿ ಬಂದು ಒಂದು ದಿನ ಕಳೆದ ಮೇಲೆ ನಿಮಗೆ ಕಳಿಸಿದರು. ಕಾರ್ಡಿನ ಖರ್ಚು ಅವರದ್ದೇ. ಬಂದವರು ಎಂಥವರು ಅಂತ ಹಿಂದಿನ ಮನೆಯವರು ಬರೆದಿದ್ದನ್ನು ನೀವು ಓದಬಹುದು. ಒಂಟಿ ಹೆಂಗಸರು ನಡೆಸುವ ಮನೆಗಳಲ್ಲಿ ಈ ಕೊನೆಯದಕ್ಕೆ ಎಷ್ಟು ಬೆಲೆ ಇದೆ ಅಂತ ನನಗೆ ಗೊತ್ತು. ಇದಕ್ಕೆಲ್ಲ ಏನಾದರೂ ಕೊಡಲೇಬೇಕು. ಎಷ್ಟು ಕೊಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಕೊಡಬಾರದು, ಅಷ್ಟೇ.

ಇನ್ನೊಂದು. ನೀವು ಬಟ್ಟೆ ಒಗೆದ ಮಾತು ಬರೆದಿದ್ದೀರಿ, ಆದರೆ ಬಾಡಿಗೆ ಗೊತ್ತು ಮಾಡುವಾಗ ಅದನ್ನು ಹಿಡಿದಿಲ್ಲ. ಬೀಚಿನಿಂದ ಬಂದವರ ಟವೆಲ್ಲು, ಬೆಡ್‌ಶೀಟಿನಲ್ಲಿ ಎಷ್ಟು ಮರಳು ಇರುತ್ತದೆ ನಮಗೆ ಗೊತ್ತಿಲ್ವಾ? ಮೊದಲು ಕಲ್ಲಿನ ಮೇಲೆ ಕೊಡವಿ, ತೊಟ್ಟಿಯಲ್ಲಿ ಎರಡು ಸಲ ಜಾಲಿಸಿ, ಆಮೇಲೆ ಮಷೀನಿಗೆ. ಹಾಗೇ ಹಾಕಿದರೆ ಮಷೀನು ಕೆಡುತ್ತದೆ. ಮಳೆಗಾಲದಲ್ಲಂತೂ ಅದೇ ಶೀಟು ಬಚ್ಚಲು ಒಲೆಯ ಮೇಲಿನ ಹಗ್ಗದಲ್ಲಿ ಎರಡು ದಿನ ಒಣಗಬೇಕು, ಹೊಗೆ ವಾಸನೆ ಬಂದರೆ ಮತ್ತೆ ಒಗೆಯಬೇಕು. ಸೋಪು, ಕರೆಂಟು, ಸಹಾಯಕ್ಕೆ ಬರುವವರ ಕೂಲಿ, ನಿಮ್ಮ ಮೈಕೈ ನೋವು ಇಷ್ಟನ್ನೂ ಬಾಡಿಗೆಯಲ್ಲಿ ಸೇರಿಸಿ. ಬೇಕಾದರೆ ಸ್ವಚ್ಛತಾ ಶುಲ್ಕ ಅಂತ ಬೇರೆ ಹಾಕಬಹುದು. ಆದರೆ ಅದರ ಮೇಲೂ ಆ್ಯಪ್ ಅದೇ ಲೆಕ್ಕದಲ್ಲಿ ಫೀ ಮುರಿಯುತ್ತದೆ ಅನ್ನುವುದು ನೆನಪಿರಲಿ.

ಪ್ರಶ್ನೆ: ಮೇಡಂ, ನಮ್ಮದು ಶಿರಸಿಯಿಂದ ಸಹಸ್ರಲಿಂಗಕ್ಕೆ ಹೋಗುವ ಕಡೆ ತೋಟದ ಮನೆ. ಊಟ ತಿಂಡಿ ಸೇರಿ ಇಬ್ಬರಿಗೆ 4,000 ಅಂತ ಆ್ಯಪ್‌ನಲ್ಲಿ ಹಾಕಿದೆವು. ಕಮಿಷನ್ ಶೇ. 15 ಅಂದಿದ್ದರು. ಆಮೇಲೆ ಅವರ ಕಡೆಯ ಹುಡುಗ ಫೋನ್ ಮಾಡಿ, ಕಾಯಂ ಗಿರಾಕಿಗಳಿಗೆ ಹತ್ತು ಪರ್ಸೆಂಟ್ ಬಿಡಿ, ಮೊಬೈಲಿನಲ್ಲಿ ಬುಕ್ ಮಾಡುವವರಿಗೆ ಇನ್ನೊಂದು ಹತ್ತು ಬಿಡಿ, ಪಟ್ಟಿಯಲ್ಲಿ ಮೇಲೆ ಬರುತ್ತೀರಿ ಅಂದ. ಒಪ್ಪಿದೆವು. ಈಗ ಬುಕಿಂಗ್ ಜಾಸ್ತಿ ಆಗಿದೆ, ಮನೆಯವಳಿಗೆ ಬಿಡುವೇ ಇಲ್ಲ, ಆದರೆ ಕೈಯಲ್ಲಿ ದುಡ್ಡು ಉಳಿಯುತ್ತಿಲ್ಲ. ಎಲ್ಲಿ ಸೋರುತ್ತಿದೆ? — ಶಿರಸಿ ಕಡೆಯ ಕೃಷಿಕರು

ಉತ್ತರ: ಅಣ್ಣಾ, ಅಡಿಕೆ ಒಯ್ದು ಹಾಕಿದಾಗ ಪಟ್ಟಿ ಕೊಡುತ್ತಾರಲ್ಲ, ತೂಕ ಎಷ್ಟು, ದರ ಎಷ್ಟು, ಯಾವುದಕ್ಕೆ ಎಷ್ಟು ಮುರಿದರು ಅಂತ ನೀವು ಸಾಲು ಸಾಲು ನೋಡುತ್ತೀರಿ. ಆ್ಯಪ್‌ನ ಲೆಕ್ಕವನ್ನೂ ಹಾಗೇ ನೋಡಬೇಕು.

4,000ದಲ್ಲಿ ಮೊದಲ ಹತ್ತು ಹೋಗಿ 3,600. ಅದರಲ್ಲಿ ಇನ್ನೊಂದು ಹತ್ತು ಹೋಗಿ 3,240. ಇದರ ಮೇಲೆ ಶೇ. 15 ಕಮಿಷನ್ 486. ಕಮಿಷನ್ನಿನ ಮೇಲೆ ಶೇ. 18 ಜಿಎಸ್‌ಟಿ 87. ನಿಮ್ಮ ಕೈಗೆ 2,666. ಹದಿನೈದು ಪರ್ಸೆಂಟ್ ಅಂತ ಒಪ್ಪಿದ್ದು, ಹೋಗುತ್ತಿರುವುದು ಮೂರರಲ್ಲಿ ಒಂದು ಪಾಲು. ಯಾರೂ ಸುಳ್ಳು ಹೇಳಿಲ್ಲ, ಪ್ರತಿಯೊಂದಕ್ಕೂ ನೀವೇ ಒಪ್ಪಿದ್ದೀರಿ. ಆದರೆ ಇಷ್ಟನ್ನೂ ಒಟ್ಟಿಗೆ ಕೂಡಿಸಿ ನಿಮ್ಮ ಮುಂದೆ ಯಾರೂ ಇಟ್ಟಿಲ್ಲ. ನನಗೆ ನಿಜವಾಗಿ ಬೇಸರ ಆಗುವುದು ಅಲ್ಲಿ. ಹಳ್ಳಿಯಲ್ಲಿರುವವರಿಗೆ ಫೋನ್ ಮಾಡಿ ರಿಯಾಯಿತಿ ಹಾಕಿಸುವವರು, ಕೊನೆಗೆ ಕೈಗೆ ಎಷ್ಟು ಬರುತ್ತದೆ ಅನ್ನುವ ಒಂದು ಸಾಲನ್ನೂ ಹೇಳಬೇಕು.

ಇನ್ನು ಮೇಲೆ ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಹಾಕಿ. ಮೊದಲು ನಿಮ್ಮ ಕೈಗೆ ಎಷ್ಟು ಬೇಕು ಅಂತ ಗಟ್ಟಿ ಮಾಡಿಕೊಳ್ಳಿ. 3,000 ಬೇಕು ಅಂತ ಇಟ್ಟುಕೊಳ್ಳಿ. ಕಮಿಷನ್, ಅದರ ಜಿಎಸ್‌ಟಿ ಎರಡೂ ಸೇರಿ 17.7 ಹೋಗುತ್ತದೆ, ನೂರರಲ್ಲಿ ಉಳಿಯುವುದು 82.3. ಹಾಗಾಗಿ 3,000ವನ್ನು 0.823ರಿಂದ ಭಾಗಿಸಿ. 3,645 ಬರುತ್ತದೆ. ಇದು ರಿಯಾಯಿತಿ ಇಲ್ಲದಿದ್ದರೆ ಹಾಕಬೇಕಾದ ಬೆಲೆ. ಎರಡು ಹತ್ತರ ರಿಯಾಯಿತಿಯೂ ಇದ್ದರೆ 3,645ನ್ನು ಮತ್ತೆ 0.81ರಿಂದ ಭಾಗಿಸಿ. 4,500. ನೀವು 4,000 ಹಾಕಿದ್ದೀರಿ, ಸೋರುತ್ತಿರುವುದು ಇಲ್ಲೇ.

ಭಾಗಿಸಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಬಹಳ ಮಂದಿ 3,000ದ ಮೇಲೆ 17.7 ಪರ್ಸೆಂಟ್ ಕೂಡಿಸಿ 3,531 ಅಂತ ಹಾಕುತ್ತಾರೆ. ಆದರೆ ಅವರು ಮುರಿಯುವುದು 3,531ರ ಮೇಲೆ. ಕೈಗೆ ಬರುವುದು 2,906. ರಾತ್ರಿಗೆ ತೊಂಬತ್ನಾಲ್ಕು ರೂಪಾಯಿ ಕಮ್ಮಿ. ವರ್ಷಕ್ಕೆ ನೂರು ರಾತ್ರಿ ಅಂದರೂ ಒಂಬತ್ತು ಸಾವಿರ ದಾಟುತ್ತದೆ.

ಎರಡನೆಯ ವಿಷಯ ಇನ್ನೂ ಮುಖ್ಯ. ಊಟ ಸೇರಿಸಿ ಬೆಲೆ ಹಾಕಿದ್ದೀರಿ. ಅಂದರೆ ಮನೆಯವರು ಬೆಳಗ್ಗೆ ಹೊಯ್ಯುವ ತೆಳ್ಳೇವಿನ ಮೇಲೂ, ಮಧ್ಯಾಹ್ನದ ಅಪ್ಪೆಹುಳಿ ಮೇಲೂ, ರಾತ್ರಿಯ ಅನ್ನ ಸಾರಿನ ಮೇಲೂ ಕಮಿಷನ್ ಹೋಗುತ್ತಿದೆ. ಅದರ ಮೇಲೆ ಎರಡು ಸಲ ಹತ್ತು ಹತ್ತು ರಿಯಾಯಿತಿಯೂ. ಅಕ್ಕಿ, ತೆಂಗಿನಕಾಯಿ, ಗ್ಯಾಸು, ಮನೆಯವರ ದುಡಿಮೆ ಯಾವುದಕ್ಕೂ ಯಾರೂ ರಿಯಾಯಿತಿ ಕೊಡುವುದಿಲ್ಲ. ನನ್ನ ಸಲಹೆ ಇಷ್ಟು. ಆ್ಯಪ್‌ನಲ್ಲಿ ರೂಮು ಮತ್ತು ಬೆಳಗಿನ ತಿಂಡಿ ಮಾತ್ರ ಇರಲಿ. ಮಧ್ಯಾಹ್ನ, ರಾತ್ರಿಯ ಊಟ ಬೇಕಾದವರಿಗೆ ಉಂಟು, ಒಬ್ಬರಿಗೆ ಇಷ್ಟು ಅಂತ ವಿವರದಲ್ಲಿ ಸ್ಪಷ್ಟವಾಗಿ ಬರೆಯಿರಿ. ಬೇಡ ಅಂದವರಿಗೆ ಒತ್ತಾಯ ಇರಬಾರದು. ಎಲ್ಲರೂ ಕೊಡಲೇಬೇಕಾದ ಖರ್ಚನ್ನು ಹೀಗೆ ಹೊರಗಿಟ್ಟು, ಬಂದ ಮೇಲೆ ಕೇಳಿದರೆ ಅದು ಅತಿಥಿಗೆ ಮೋಸ, ಆ್ಯಪ್‌ನ ನಿಯಮಕ್ಕೂ ವಿರೋಧ. ಊಟದ ಹಣವನ್ನು ಎಲ್ಲಿ ಹೇಗೆ ತಗೊಳ್ಳಬಹುದು ಅನ್ನುವುದನ್ನು ನಿಮ್ಮ ಒಪ್ಪಂದದಲ್ಲಿ ಒಮ್ಮೆ ಓದಿಕೊಳ್ಳಿ.

ರಿಯಾಯಿತಿ ಎರಡನ್ನೂ ಪೂರ್ತಿ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆ ಖಾಲಿ ಇರುವಾಗ ಇರಲಿ. ಡಿಸೆಂಬರಿನಲ್ಲಿ, ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ, ಊರಲ್ಲಿ ರೂಮೇ ಸಿಗದ ಹೊತ್ತಲ್ಲಿ ಯಾಕೆ ಬೇಕು? ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ರಿಯಾಯಿತಿ ನಿಲ್ಲಿಸಲು ಆಗುತ್ತದೆಯೇ ಅಂತ ಆ ಹುಡುಗನನ್ನೇ ಕೇಳಿ. ಅವನು ಫೋನ್ ಮಾಡಿದ್ದ ನಂಬರು ಇದೆಯಲ್ವಾ?

ಪ್ರಶ್ನೆ: ನಾನು ಧಾರವಾಡದವನು. ಕುಟುಂಬ ಸಮೇತ ಮುರ್ಡೇಶ್ವರಕ್ಕೆ ಹೋಗಲು ಆ್ಯಪ್‌ನಲ್ಲಿ ರೂಮು ನೋಡಿದೆ. ಮೊದಲು 2,800 ಅಂತ ತೋರಿಸಿತು. ಹೆಸರು, ನಂಬರು ಎಲ್ಲ ತುಂಬಿ ಕೊನೆಗೆ ಬಂದರೆ 3,500 ದಾಟಿತ್ತು. ಹೋಮ್‌ಸ್ಟೇ ಮಾಲೀಕರಿಗೆ ಬೈದೆ. ಅವರು ನಮಗೆ ಗೊತ್ತಿಲ್ಲ ಅಂದರು. ಯಾರನ್ನು ಕೇಳಬೇಕು? — ಧಾರವಾಡದ ಓದುಗರು

ಉತ್ತರ: ಮಾಲೀಕರನ್ನು ಬೈದು ಫಲವಿಲ್ಲ ಸರ್. ಅವರಿಗೆ ಕಾಣುವುದು 2,800 ಮಾತ್ರ. ಮೇಲಿನ ಗೋಕರ್ಣದ ಪತ್ರ ಓದಿ, ಆ ಕಡೆಯ ಕಥೆ ಗೊತ್ತಾಗುತ್ತದೆ.

ಆದರೆ ನಿಮ್ಮ ದೂರು ನ್ಯಾಯವಾದದ್ದು. ಮೊದಲು ಕಮ್ಮಿ ಬೆಲೆ ತೋರಿಸಿ, ಕೊನೆಯ ಪುಟದಲ್ಲಿ ಒಂದೊಂದೇ ಶುಲ್ಕ ಸೇರಿಸುತ್ತಾ ಹೋಗುವುದಕ್ಕೆ ಡ್ರಿಪ್ ಪ್ರೈಸಿಂಗ್ ಅನ್ನುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ 13 ತಂತ್ರಗಳನ್ನು ಹೆಸರಿಸಿ ಮಾಡಬಾರದು ಅಂದಿದೆ. ಅದರಲ್ಲಿ ಇದೂ ಒಂದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಮೊದಲ ಪುಟ, ಕೊನೆಯ ಪುಟ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಾಯಿಮಾತಿನ ದೂರಿಗೆ ತೂಕ ಕಮ್ಮಿ.

ಬೇರೆ ದೇಶಗಳಲ್ಲೂ ಇದರ ವಿರುದ್ಧ ಕೂಗೆದ್ದಿದೆ. ಅಮೆರಿಕದಲ್ಲಿ 2025ರ ಮೇ 12ರಿಂದ ಅಲ್ಪಾವಧಿ ವಸತಿಗೆ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕು ಅಂತ ನಿಯಮ ಬಂತು. ಏರ್‌ಬಿಎನ್‌ಬಿ ಅದೇ ವರ್ಷದ ಏಪ್ರಿಲ್‌ನಿಂದ ಎಲ್ಲ ದೇಶಗಳಲ್ಲೂ ಫೀ ಸೇರಿಸಿದ ಬೆಲೆಯನ್ನೇ ಮೊದಲು ತೋರಿಸುತ್ತಿದೆ, ತೆರಿಗೆ ಮಾತ್ರ ಆಮೇಲೆ. ಬೇರೆ ಆ್ಯಪ್ ನೋಡುವಾಗ ‘ಒಟ್ಟು ಬೆಲೆ ತೋರಿಸು’ ಅನ್ನುವ ಆಯ್ಕೆ ಇದೆಯೇ ಹುಡುಕಿ, ಇದ್ದರೆ ಮೊದಲೇ ಒತ್ತಿ. ಮತ್ತೆ, ಮಾಲೀಕರಿಗೆ ಒಂದು ಫೋನ್ ಮಾಡಿ ಸಮಾಧಾನದ ಮಾತು ಹೇಳಿ.

ಪ್ರಶ್ನೆ: ಅಕ್ಕ, ನಾವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ವರ್ಷಕ್ಕೆ ನಾಲ್ಕು ಲಕ್ಷವೂ ಆಗದ ವ್ಯಾಪಾರ. ಆದರೂ ಆ್ಯಪ್‌ನಲ್ಲಿ ನಮ್ಮ ರೂಮಿಗೆ ಜಿಎಸ್‌ಟಿ ಹಾಕುತ್ತಾರೆ. ನಮ್ಮ ಹೆಸರಲ್ಲಿ ತೆರಿಗೆ ತಗೊಂಡು ನಾಳೆ ನಮಗೇ ನೋಟಿಸ್ ಬಂದರೆ? — ಹೊನ್ನಾವರ, ಕಾಸರಕೋಡು

ಉತ್ತರ: ಹೆದರಬೇಡಿ. ವಸತಿ ವ್ಯವಹಾರ ಆ್ಯಪ್ ಮೂಲಕ ನಡೆದರೆ, ಮನೆಯವರು ನೋಂದಣಿಯ ಮಿತಿಗಿಂತ ಕೆಳಗಿದ್ದರೆ, ತೆರಿಗೆ ಕಟ್ಟುವ ಹೊಣೆ ಆ್ಯಪ್‌ನದ್ದೇ. ಜಿಎಸ್‌ಟಿ ಕಾಯ್ದೆಯ 9(5)ನೇ ಕಲಮು ಹಾಗೆ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಸೇವೆಗಳಿಗೆ ಆ ಮಿತಿ ವರ್ಷಕ್ಕೆ 20 ಲಕ್ಷ. ಅವರು ಅತಿಥಿಯಿಂದ ತಗೊಂಡು ಸರ್ಕಾರಕ್ಕೆ ಕಟ್ಟುತ್ತಾರೆ. ಆ್ಯಪ್‌ನಲ್ಲಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ನೀವು ನೋಂದಣಿ ಮಾಡಿಸಬೇಕಿಲ್ಲ.

ದರವೂ ಇಳಿದಿದೆ. ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ ಮೊದಲು ಶೇ. 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 5. ನಮ್ಮ ಕರಾವಳಿಯ ಮನೆಗಳು ಬಹುಪಾಲು ಇದರೊಳಗೇ ಬರುತ್ತವೆ. ನಿಮ್ಮ ಅತಿಥಿಗೆ 2,000ದ ರೂಮಿನಲ್ಲಿ 140 ರೂಪಾಯಿ ಕಮ್ಮಿಯಾಯಿತು. ಕೊನೆಯ ಬಿಲ್ಲಿನಲ್ಲಿ ಅದು ಇಳಿದಿದೆಯೇ ನೋಡಿ.

ಪ್ಯಾನ್ ಕೊಟ್ಟಿದ್ದೀರಾ? ಕೊಡದಿದ್ದರೆ ಇವತ್ತೇ ಕೊಡಿ. ಆ್ಯಪ್‌ನವರು ಆದಾಯ ತೆರಿಗೆಯ ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಶೇ. 0.1ರಷ್ಟು ಹಿಡಿಯಬೇಕು. ಮೊದಲು ಶೇ. 1 ಇತ್ತು, 2024ರ ಅಕ್ಟೋಬರ್‌ನಿಂದ ಇಳಿದಿದೆ. ನಿಮ್ಮಂತೆ ಸ್ವಂತ ಹೆಸರಲ್ಲಿ ನಡೆಸುವವರಿಗೆ ಆ್ಯಪ್ ಮೂಲಕ ವರ್ಷಕ್ಕೆ 5 ಲಕ್ಷದೊಳಗಿದ್ದರೆ ಅದೂ ಇಲ್ಲ. ಆದರೆ ಪ್ಯಾನ್ ಇಲ್ಲದಿದ್ದರೆ ಶೇ. 5 ಹಿಡಿಯುತ್ತಾರೆ. ಹೋದ ತಿಂಗಳು ನನ್ನ ಹತ್ತಿರ ಲೆಕ್ಕ ತಂದ ಒಬ್ಬರು ಕಮಿಷನ್ ಏರಿಸಿದ್ದಾರೆ ಅಂತ ಕೂಗಾಡುತ್ತಾ ಬಂದರು. ನೋಡಿದರೆ ಏರಿದ್ದು ಕಮಿಷನ್ ಅಲ್ಲ, ಪ್ಯಾನ್ ನಂಬರಿನಲ್ಲಿ ಒಂದು ಅಕ್ಷರ ಅದಲುಬದಲಾಗಿತ್ತು.

ಪ್ರಶ್ನೆ: ಆ್ಯಪ್‌ನಲ್ಲಿ ಬುಕ್ ಮಾಡಿದವರು ಹಿಂದಿನ ದಿನ ಫೋನ್ ಮಾಡಿ, ‘ಕ್ಯಾನ್ಸಲ್ ಮಾಡುತ್ತೇನೆ, ನೇರವಾಗಿ ನಿಮಗೇ ಕೊಡುತ್ತೇನೆ, ಐನೂರು ಬಿಡಿ’ ಅನ್ನುತ್ತಾರೆ. ಇಬ್ಬರಿಗೂ ಲಾಭ ಅಲ್ವಾ? ಮತ್ತೆ, ನೇರವಾಗಿ ಬರುವವರಿಗೆ ಆ್ಯಪ್‌ಗಿಂತ ಕಮ್ಮಿಗೆ ಕೊಡಬಹುದಾ? — ಅಂಕೋಲಾ

ಉತ್ತರ: ಮೊದಲನೆಯದಕ್ಕೆ ಬೇಡ ಅಂತಲೇ ಹೇಳುತ್ತೇನೆ. ಅವರನ್ನು ಕರೆತಂದಿದ್ದು ಆ್ಯಪ್. ಕೆಲಸ ಮಾಡಿಸಿಕೊಂಡು ಕೂಲಿ ಕೊಡದೆ ಕಳಿಸುವುದು ನಮ್ಮ ಕಡೆ ಯಾರೂ ಒಪ್ಪುವ ಮಾತಲ್ಲ. ಇನ್ನು ವ್ಯವಹಾರದ ಮಾತು. ಗೊತ್ತಾದರೆ ನಿಮ್ಮ ಮನೆಯನ್ನೇ ಆ್ಯಪ್‌ನಿಂದ ತೆಗೆಯುತ್ತಾರೆ, ವರ್ಷಗಟ್ಟಲೆ ಕೂಡಿಟ್ಟ ಒಳ್ಳೆಯ ಅಭಿಪ್ರಾಯಗಳೆಲ್ಲ ಅದರ ಜೊತೆ ಹೋಗುತ್ತವೆ. ಕ್ಯಾನ್ಸಲ್ ಮಾಡಿದ ಮೇಲೆ ಅವರು ಬಾರದೇ ಹೋದರೆ ರೂಮೂ ಖಾಲಿ, ಹಣವೂ ಇಲ್ಲ. ಐನೂರು ಕೇಳಿದವರು ಬಂದ ಮೇಲೆ ಇನ್ನೊಂದು ಐನೂರು ಕೇಳುವುದಿಲ್ಲ ಅಂತ ಏನು ಭರವಸೆ?

ಎರಡನೆಯದು ಬೇರೆ ವಿಷಯ. ನಿಮ್ಮ ಬೋರ್ಡು ನೋಡಿ, ಗೂಗಲ್ ಮ್ಯಾಪಿನಲ್ಲಿ ಹುಡುಕಿ, ನೆಂಟರ ಮೂಲಕ ಕೇಳಿ ಬರುವವರು ನಿಮ್ಮ ಗಿರಾಕಿಗಳು. ಅವರಿಗೆ ಯಾವ ಬೆಲೆ ಹೇಳಬೇಕು ಅನ್ನುವುದು ನಿಮ್ಮ ಇಷ್ಟ ಆಗಿರಬೇಕು ಅನ್ನುವವಳು ನಾನು. ಆದರೆ ಕೆಲವು ಒಪ್ಪಂದಗಳಲ್ಲಿ ‘ನಮಗಿಂತ ಕಮ್ಮಿಗೆ ಬೇರೆ ಕಡೆ ಕೊಡಬಾರದು’ ಅನ್ನುವ ಷರತ್ತು ಇರುತ್ತದೆ. ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಇಂಥ ಷರತ್ತುಗಳ ವಿಷಯದಲ್ಲೇ ಮೇಕ್‌ಮೈಟ್ರಿಪ್–ಗೋಐಬಿಬೋಗೆ 223.48 ಕೋಟಿ ರೂಪಾಯಿ ದಂಡ ಹಾಕಿ, ಹೋಟೆಲುಗಳ ಜೊತೆಗಿನ ಒಪ್ಪಂದ ಬದಲಿಸಲು ಹೇಳಿತ್ತು. ಹೋಟೆಲಿನವರು ಹೋರಾಡಿದ್ದರಿಂದ ಎರಡು ರೂಮಿನ ನಮಗೂ ಬಲ ಬಂತು. ನಿಮ್ಮ ಒಪ್ಪಂದದಲ್ಲಿ ಆ ಸಾಲು ಇದ್ದರೆ ಅವರಿಗೆ ಮೇಲ್ ಬರೆದು ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ.

ಇನ್ನೊಂದು ಎಚ್ಚರ. ಆ್ಯಪ್ ಮೂಲಕ ಒಮ್ಮೆ ಬಂದವರನ್ನು ‘ಮುಂದಿನ ಸಲ ನೇರವಾಗಿ ಬನ್ನಿ’ ಅಂತ ಕರೆಯುವುದನ್ನೂ ಕೆಲವು ಆ್ಯಪ್‌ಗಳು ನಿಷೇಧಿಸುತ್ತವೆ, ಏರ್‌ಬಿಎನ್‌ಬಿಯೂ ಸೇರಿ. ಹಾಗಾಗಿ ನಿಮ್ಮ ಸ್ವಂತ ದಾರಿಯನ್ನು ಬೇರೆಯಾಗಿಯೇ ಕಟ್ಟಿ. ಹೆದ್ದಾರಿ ತಿರುವಿನಲ್ಲಿ ಒಂದು ಒಳ್ಳೆಯ ಬೋರ್ಡು. ಮ್ಯಾಪಿನಲ್ಲಿ ಸರಿಯಾದ ಜಾಗ, ಸರಿಯಾದ ನಂಬರು, ಹಗಲಲ್ಲಿ ತೆಗೆದ ಬಚ್ಚಲುಮನೆಯ ಫೋಟೋ. ಬಚ್ಚಲಿನ ಫೋಟೋ ಯಾರೂ ಹಾಕುವುದಿಲ್ಲ, ಕುಟುಂಬ ಸಮೇತ ಬರುವವರು ಮೊದಲು ಕೇಳುವುದು ಅದನ್ನೇ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಲ್ಲಿರುವ ನಿಮ್ಮ ನೆಂಟರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪುಟ ಕಳಿಸಿಡಿ. ಈ ಕಡೆಯಿಂದ ಬಂದವರಿಗೆ ಕಮಿಷನ್ ಇಲ್ಲ. ನಾನು ಲೆಕ್ಕ ಬರೆಯುವ ಮನೆಗಳಲ್ಲಿ ಸೀಜನ್ ಕೆಟ್ಟಾಗಲೂ ನೆಮ್ಮದಿಯಾಗಿರುವವರು ಈ ಎರಡು ದಾರಿಯನ್ನೂ ಇಟ್ಟುಕೊಂಡವರೇ.

ನೇರವಾಗಿ ಬಂದವರಿಗೂ ಗುರುತಿನ ಚೀಟಿ ತಗೊಂಡು ರಿಜಿಸ್ಟರಿನಲ್ಲಿ ಬರೆಯಬೇಕು. ವಿದೇಶಿಯರಾದರೆ ಅವರು ಬಂದ ಮಾಹಿತಿಯನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಫಾರ್ಮಿನಲ್ಲಿ ಕೊಡಬೇಕು, ಮೊದಲು ಅದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು. ಇದರಲ್ಲಿ ಸಡಿಲ ಬೇಡ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಘಟ್ಟದ ದಾರಿ ಬಂದ್ ಆಗಿ ನಮ್ಮಲ್ಲಿಗೆ ಬರಬೇಕಿದ್ದ ಎರಡು ಕುಟುಂಬಗಳು ಬರಲಿಲ್ಲ. ಪಾಪ ಅನಿಸಿ ನಾನೇ ಕ್ಯಾನ್ಸಲ್ ಒತ್ತಿದೆ. ಆ್ಯಪ್‌ನವರು ನನಗೇ ದಂಡ ಹಾಕಿದರು. ಇದು ಯಾವ ನ್ಯಾಯ? — ಕುಮಟಾ ತಾಲೂಕು

ಉತ್ತರ: ಒಳ್ಳೆಯ ಮನಸ್ಸಿನಿಂದ ಮಾಡಿದ್ದಕ್ಕೆ ದಂಡ ಬಿದ್ದರೆ ನೋವಾಗುತ್ತದೆ, ನನಗೆ ಅರ್ಥವಾಗುತ್ತದೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದ ಮೇಲೆ ಜುಲೈ ಬಂತೆಂದರೆ ನಮ್ಮೆಲ್ಲರ ಮನಸ್ಸು ಹೆದ್ದಾರಿಯ ಮೇಲೇ ಇರುತ್ತದೆ. ಬರುವವರು ಜೀವ ಉಳಿಸಿಕೊಂಡು ಮನೆಯಲ್ಲಿರಲಿ ಅನ್ನುವುದು ಸರಿಯಾದ ಯೋಚನೆ.

ಆದರೆ ಕ್ಯಾನ್ಸಲ್ ಗುಂಡಿಯನ್ನು ನೀವು ಒತ್ತಬಾರದು. ಮನೆಯವರು ಒತ್ತಿದರೆ ಅತಿಥಿಗೆ ಪೂರ್ತಿ ಹಣ ವಾಪಸು, ಮನೆಯವರಿಗೆ ದಂಡ. ಏರ್‌ಬಿಎನ್‌ಬಿಯಲ್ಲಿ ಅದು ಬುಕಿಂಗ್ ಮೊತ್ತದ ಶೇ. 10ರಿಂದ 50ರವರೆಗೆ. ಬರುವ ದಿನ ಹತ್ತಿರವಾದಷ್ಟೂ ಜಾಸ್ತಿ. ಹೀಗೆ ಮಾಡಿ. ರಸ್ತೆ ಬಂದ್ ಅಂತ ಜಿಲ್ಲಾಡಳಿತದ ಆದೇಶ ಬಂದ ತಕ್ಷಣ ಅದರ ಫೋಟೋ ತೆಗೆದಿಡಿ. ಆ್ಯಪ್‌ನ ಸಹಾಯವಾಣಿಗೆ ಅದನ್ನು ಕಳಿಸಿ, ಅವರ ಕಡೆಯಿಂದಲೇ ರದ್ದು ಮಾಡಲು ಕೇಳಿ. ಸರ್ಕಾರವೇ ಓಡಾಟ ನಿಲ್ಲಿಸಿದ್ದರೆ ಸಾಮಾನ್ಯವಾಗಿ ದಂಡ ಬೀಳುವುದಿಲ್ಲ. ಸುಮ್ನೆ ಮಳೆ ಜೋರು ಅಂದರೆ ಒಪ್ಪುವುದಿಲ್ಲ, ಯಾಕೆಂದರೆ ಜುಲೈಯಲ್ಲಿ ನಮ್ಮಲ್ಲಿ ಮಳೆ ಜೋರಾಗಿರುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತು. ಹಾಕಿದ ದಂಡದ ಬಗ್ಗೆಯೂ ಆ ಆದೇಶದ ಪ್ರತಿ ಸೇರಿಸಿ ಬರೆದು ನೋಡಿ.

ಜೂನ್, ಜುಲೈ, ಆಗಸ್ಟ್ ಬುಕಿಂಗ್‌ಗಳಿಗೆ ರದ್ದತಿಯ ಷರತ್ತನ್ನು ಸಡಿಲವಾಗಿಯೇ ಇಡಿ. ಆಗ ಅತಿಥಿಯೇ ಧೈರ್ಯವಾಗಿ ಕ್ಯಾನ್ಸಲ್ ಮಾಡುತ್ತಾರೆ, ನಿಮಗೆ ದಂಡದ ಭಯ ಇಲ್ಲ.

ಪ್ರಶ್ನೆ: ನನ್ನದು ಕಾರವಾರದಲ್ಲಿ ಮೂರು ರೂಮು, ಎರಡು ಆ್ಯಪ್‌ನಲ್ಲಿ ಇವೆ. ಒಂದೇ ದಿನಕ್ಕೆ ಎರಡೂ ಕಡೆ ಬುಕ್ ಆಗಿ ರಂಪ ಆಯಿತು. ಒಬ್ಬರು ಸಾಫ್ಟ್‌ವೇರ್ ಹಾಕಿಸಿ, ಎಲ್ಲ ತಾನೇ ನೋಡಿಕೊಳ್ಳುತ್ತದೆ ಅನ್ನುತ್ತಿದ್ದಾರೆ. ಹಾಕಿಸಲಾ? — ಕಾರವಾರ

ಉತ್ತರ: ನಿಮ್ಮ ಎರಡರಲ್ಲಿ ಒಂದು ಏರ್‌ಬಿಎನ್‌ಬಿ ಆಗಿದ್ದರೆ, ಸಾಫ್ಟ್‌ವೇರ್ ಹಾಕಿಸಿ ಅನ್ನುವವರನ್ನು ಒಂದು ಪ್ರಶ್ನೆ ಕೇಳಿ: ‘ಇದನ್ನು ಹಾಕಿದರೆ ನನ್ನ ಏರ್‌ಬಿಎನ್‌ಬಿ ಫೀ ಎಷ್ಟಾಗುತ್ತದೆ?’ ಇಂಥ ಸಾಫ್ಟ್‌ವೇರ್ ಜೋಡಿಸಿಕೊಂಡವರನ್ನು ಆ ಕಂಪನಿ 2025ರ ಅಕ್ಟೋಬರ್ 27ರಿಂದ ಒಂದೇ ಫೀ ಪದ್ಧತಿಗೆ ಹಾಕಿದೆ. ಅತಿಥಿಯಿಂದ ಏನೂ ಇಲ್ಲ, ನಿಮ್ಮಿಂದಲೇ ಶೇ. 15.5. ಬೆಲೆ ಬದಲಿಸದೆ ಸುಮ್ಮನಿದ್ದರೆ, ಮೊದಲು ನೂರಕ್ಕೆ 97 ಬರುತ್ತಿದ್ದಲ್ಲಿ 84.50 ಬರುತ್ತದೆ, ಅದೂ ಜಿಎಸ್‌ಟಿ ಮುರಿಯುವ ಮೊದಲು. ಅಷ್ಟೇ ಹಣ ಕೈಗೆ ಬರಬೇಕಾದರೆ ನೂರಕ್ಕೆ ಸುಮಾರು 15 ರೂಪಾಯಿ ಬೆಲೆ ಏರಿಸಬೇಕು. ಅತಿಥಿಗೆ ಹೆಚ್ಚುಕಡಿಮೆ ಮೊದಲಿನಷ್ಟೇ ಬೀಳುತ್ತದೆ, ಹಾಗಾಗಿ ಏರಿಸಲು ಹೆದರಬೇಕಿಲ್ಲ. ಏರಿಸಲು ಮರೆತವರಿಗೆ ಮಾತ್ರ ದೊಡ್ಡ ಪೆಟ್ಟು.

ಮೂರು ರೂಮಿಗೆ ಸಾಫ್ಟ್‌ವೇರ್ ಬೇಕು ಅಂತ ನನಗೆ ಅನಿಸುವುದಿಲ್ಲ. ಎರಡೂ ಆ್ಯಪ್‌ಗಳ ಕ್ಯಾಲೆಂಡರ್ ಸೆಟ್ಟಿಂಗಿನಲ್ಲಿ ಐಕ್ಯಾಲ್ ಅಂತ ಒಂದು ಕೊಂಡಿ ಸಿಗುತ್ತದೆ. ಇದರದ್ದನ್ನು ಅದರಲ್ಲಿ, ಅದರದ್ದನ್ನು ಇದರಲ್ಲಿ ಹಾಕಿ. ಪುಕ್ಕಟೆ. ಒಂದು ಕಡೆ ಬುಕ್ ಆದರೆ ಇನ್ನೊಂದು ಕಡೆ ಆ ದಿನ ಮುಚ್ಚಿಕೊಳ್ಳುತ್ತದೆ. ಮುಚ್ಚಲು ಕೆಲವು ಗಂಟೆ ತಡವಾಗುತ್ತದೆ. ಹಾಗಾಗಿ ಉದ್ದ ವಾರಾಂತ್ಯ ಇದ್ದಾಗ ಮತ್ತು ಡಿಸೆಂಬರ್ ಕೊನೆಯ ವಾರ, ಬುಕಿಂಗ್ ಬಂದ ಕೂಡಲೇ ಇನ್ನೊಂದು ಆ್ಯಪ್ ತೆರೆದು ಆ ದಿನವನ್ನು ಕೈಯಿಂದಲೇ ಮುಚ್ಚಿ. ಮೂರು ರೂಮಿಗೆ ಮೂರು ಬೇರೆ ಬೇರೆ ಕೊಂಡಿ ಇರುತ್ತದೆ, ಅದಲುಬದಲು ಆಗದಂತೆ ಹೆಸರು ಬರೆದು ಜೋಡಿಸಿ. ಆಮೇಲೆ ಮುಂದಿನ ತಿಂಗಳ ಯಾವುದಾದರೂ ಒಂದು ಖಾಲಿ ದಿನವನ್ನು ಒಂದು ಕಡೆ ಮುಚ್ಚಿ, ಸಂಜೆಯೊಳಗೆ ಇನ್ನೊಂದು ಕಡೆಯೂ ಅದೇ ರೂಮು ಮುಚ್ಚಿದೆಯೇ ಅಂತ ಪರೀಕ್ಷೆ ಮಾಡಿ ನೋಡಿ.